ಹೆರಿಗೆ ಕೊಠಡಿಯ ಕಿರಿಯ ವೈದ್ಯೆ

ನಿಮ್ಮ ಮಗಳೋ ಸೊಸೆಯೋ ಹೆರಿಗೆಗೆಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸೇರಿದರೆ, ರಾತ್ರಿ ಎರಡು ಗಂಟೆಗೆ ಬಂದು ನೋಡುವವರು ಹೆಚ್ಚಾಗಿ ಪ್ರೊಫೆಸರ್ ಅಲ್ಲ, ಸ್ನಾತಕೋತ್ತರ ವಿದ್ಯಾರ್ಥಿನಿ. 'ಇಷ್ಟು ಚಿಕ್ಕವರು ಹೆರಿಗೆ ಮಾಡಿಸಬಲ್ಲರೇ?' ಎಂಬ ಅಳುಕು ಸಹಜವೇ.

ಅವರು ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯೆ, ಪ್ರಸೂತಿ ವಿಭಾಗದಲ್ಲಿ ಮೂರು ವರ್ಷದ ತರಬೇತಿ ಪಡೆಯುತ್ತಿರುವವರು. ಆದರೆ ಮೂರು ವರ್ಷ ಕಳೆದ ಮಾತ್ರಕ್ಕೆ ಕೈ ಪಳಗಿತೆನ್ನಲಾಗದು. ಇಷ್ಟು ಹೆರಿಗೆ, ಇಷ್ಟು ಸಿಸೇರಿಯನ್ ಎಂದು ಲಾಗ್‌ಬುಕ್ ತುಂಬಿಸಿ, ಕೊನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರ ಹೇಳಿದರೆ ಸಾಕೆಂಬ ಪದ್ಧತಿ ಬಹುಕಾಲ ನಡೆಯಿತು. ಈಗ ಒತ್ತು ಸಾಮರ್ಥ್ಯಾಧಾರಿತ ತರಬೇತಿಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮವೂ ಇದನ್ನೇ ಹೇಳುತ್ತದೆ. ಮೊದಲು ನೋಡಬೇಕು, ಬಳಿಕ ಹಿರಿಯರ ಎದುರಿನಲ್ಲಿ ಮಾಡಬೇಕು. ಅವರು ಕಣ್ಣಾರೆ ಕಂಡು ಒಪ್ಪಿದ ಮೇಲಷ್ಟೇ ಸ್ವತಂತ್ರವಾಗಿ.

ಹೆರಿಗೆಯ ನಂತರದ ರಕ್ತಸ್ರಾವವನ್ನೇ ತೆಗೆದುಕೊಳ್ಳಿ. ಅರ್ಧ ಲೀಟರ್ ದಾಟಿದರೆ ಅಪಾಯ ಎಂದು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಬಟ್ಟೆ, ಹಾಸಿಗೆಗಳಲ್ಲಿ ಇಂಗಿದ್ದು ಎಷ್ಟೆಂದು ಹೇಳುವುದು ಹೇಗೆ? ನಮ್ಮ ಬೆಳಗಾವಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲದ ಲೆಕ್ಕಕ್ಕಿಂತ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆಯಿತ್ತು! ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇಂಥ ಚೀಲದಿಂದ ಅಳೆದು, ಚಿಕಿತ್ಸೆಯ ಎಲ್ಲ ಕ್ರಮಗಳನ್ನೂ ಒಟ್ಟಿಗೇ ಆರಂಭಿಸಿದಾಗ ತೀವ್ರ ರಕ್ತಸ್ರಾವದಂಥ ಗಂಭೀರ ಪರಿಣಾಮಗಳು ಶೇ. 60ರಷ್ಟು ತಗ್ಗಿದವೆಂದು 2023ರಲ್ಲಿ ವರದಿಯಾಯಿತು.

ಹಾಗಾಗಿ ಪರೀಕ್ಷಕರು ನೋಡಬೇಕಾದದ್ದು ಕೈಯನ್ನು. ರಕ್ತ ಅಳೆದರೇ? ಗರ್ಭಕೋಶವನ್ನು ಉಜ್ಜಿ ಗಟ್ಟಿ ಮಾಡಿದರೇ? ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ ತಡವಿಲ್ಲದೆ ಕೊಟ್ಟರೇ? ಹಿರಿಯರನ್ನು ಸಕಾಲದಲ್ಲಿ ಕರೆದರೇ? ಈ ಕೊನೆಯದನ್ನು ನಾನು ಎಲ್ಲಕ್ಕಿಂತ ದೊಡ್ಡ ಸಾಮರ್ಥ್ಯವೆನ್ನುತ್ತೇನೆ. ಇದನ್ನೆಲ್ಲ ಮೊದಲು ಬೊಂಬೆಯ ಮೇಲೆ ಅಭ್ಯಾಸ ಮಾಡಿಸಬಹುದು.

ತೊಡಕಿರುವುದು ರುಜುವಿನಲ್ಲಿ. ವಾರ್ಡು ತುಂಬಿ ತುಳುಕುವಾಗ ಪಕ್ಕದಲ್ಲಿ ನಿಂತು ನೋಡಲು ಹಿರಿಯರಿಗೆ ಪುರುಸೊತ್ತಿಲ್ಲ. ತಿಂಗಳ ಕೊನೆಗೆ ಹತ್ತಾರು ಪುಟಗಳಿಗೆ ಒಮ್ಮೆಲೇ ಸಹಿ ಹಾಕಿದರೆ ಹೊಸ ಪದ್ಧತಿಯೂ ಹಳೆಯದೇ ಆಗುತ್ತದೆ.

ಕಿರಿಯರೆಂದು ತಪಾಸಣೆಗೆ ಬೇಡವೆನ್ನಬೇಡಿ. ರಾತ್ರಿ ಪಾಳಿಯ ಹಿರಿಯ ವೈದ್ಯರು ಯಾರು, ಎಷ್ಟು ಹೊತ್ತಿನಲ್ಲಿ ಬರಬಲ್ಲರು ಎಂದು ಧಾರಾಳವಾಗಿ ಕೇಳಿ. ಹೆರಿಗೆಯಾದ ಮೇಲೆ ಬಾಣಂತಿಯ ಬಟ್ಟೆ ಮತ್ತೆ ಮತ್ತೆ ನೆನೆಯುತ್ತಿದ್ದರೆ, ತಲೆ ಸುತ್ತಿ ಬೆವರಿದರೆ, ಬೆಳಗಾಗಲೆಂದು ಕಾಯದೆ ಆ ಕಿರಿಯ ವೈದ್ಯೆಯನ್ನು ತಕ್ಷಣ ಕರೆಯಿರಿ.