ಬ್ರಹ್ಮಗಿರಿಗೆ ವರ್ಷ ಎಣಿಸಿದವರು

ಬ್ರಹ್ಮಗಿರಿಯ ಅಕ್ಷರಗುಂಡಿನ ಮುಂದೆ ನಿಂತಾಗ ಕಣ್ಣು ಮೊದಲು ಹುಡುಕಿದ್ದು ಶಾಸನದ ಕೊನೆಯ ಸಾಲನ್ನು. ಆ ಸಾಲಿನ ಬಗ್ಗೆ ಓದಿ ಎಷ್ಟೋ ಕಾಲವಾಗಿತ್ತು, ಕಲ್ಲಿನ ಮೇಲೆ ಕಂಡದ್ದು ಈಗ. ಅಶೋಕನ ಈ ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ ಸಾಗುತ್ತದೆ. ಬರೆದವನು ಚಪಡ ಎಂದು ಹೇಳುವ ಜಾಗಕ್ಕೆ ಬಂದಾಗ ಮಾತ್ರ, 'ಲಿಪಿಕಾರ' ಎಂಬ ಒಂದೇ ಪದಕ್ಕೆ ಲಿಪಿಯೂ ಬದಲಾಗುತ್ತದೆ, ದಿಕ್ಕೂ ಬದಲಾಗುತ್ತದೆ. ಅದು ಬಲದಿಂದ ಎಡಕ್ಕೆ ಓದುವ ಖರೋಷ್ಠಿ. ಅಶೋಕನ ಹೆಬ್ಬಂಡೆ ಶಾಸನಗಳಲ್ಲಿ ಈ ಲಿಪಿಯಲ್ಲಿರುವುದು ಇಂದಿನ ಪಾಕಿಸ್ತಾನದ ಶಹಬಾಜಗಢಿ ಮತ್ತು ಮಾನ್ಸೆಹ್ರಾದವು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಈ ಬೆಟ್ಟದ ಬುಡದಲ್ಲಿ ಆ ಲಿಪಿಯನ್ನು ಓದಬಲ್ಲವರು ಅಂದು ಯಾರಿದ್ದರು? ಚಪಡ ಗಾಂಧಾರದ ಕಡೆಯಿಂದ ಬಂದವನಿರಬೇಕೆಂದು ಊಹಿಸುವ ವಿದ್ವಾಂಸರಿದ್ದಾರೆ. ಬಂಡೆಯ ಮುಂದೆ ನಿಂತ ನನಗೂ ಹಾಗೆಯೇ ಅನ್ನಿಸಿತು. ಸಾವಿರಾರು ಮೈಲಿ ದೂರದಿಂದ ಬಂದ ಒಬ್ಬ ಗುಮಾಸ್ತ, ಕೆಲಸ ಮುಗಿಸಿ, ತನ್ನೂರಿನ ಅಕ್ಷರದಲ್ಲಿ ತನ್ನ ಹುದ್ದೆಯನ್ನು ಕೆತ್ತಿಸಿದ್ದಾನೆ.

ಈ ಬಂಡೆಯಲ್ಲಿ ಇನ್ನೊಂದು ಸೋಜಿಗವಿದೆ. ಶಾಸನದ ನಡುವೆ 200, 50, 6 ಎಂಬ ಅಂಕಿಗಳು ಬರುತ್ತವೆ. ಕರ್ನಾಟಕದ ನೆಲದಲ್ಲಿ ಸಿಕ್ಕಿರುವ ಅತಿ ಹಳೆಯ ಬರಹದ ಅಂಕಿಗಳಲ್ಲಿ ಇವೂ ಸೇರಿವೆ. ಅಶೋಕನ ಬೇರೆ ಕಿರುಶಾಸನಗಳಲ್ಲೂ ಇದೇ 256 ಇದೆ. ಏನಿದು? ಬುದ್ಧ ನಿರ್ವಾಣ ಹೊಂದಿ 256 ವರ್ಷವಾಯಿತು ಎಂದು ಜರ್ಮನ್ ವಿದ್ವಾಂಸ ಬ್ಯೂಲರ್ ಅರ್ಥ ಮಾಡಿದರು. ಅಷ್ಟಾದರೆ ಬುದ್ಧನ ಕಾಲ ಕೈಗೆ ಸಿಕ್ಕಂತೆಯೇ: ಅಶೋಕನ ಆಳ್ವಿಕೆಯ ವರ್ಷಕ್ಕೆ 256 ಕೂಡಿಸಿದರೆ ಸಾಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಫ್.ಡಬ್ಲ್ಯೂ. ಥಾಮಸ್ ಬೇರೆ ಅರ್ಥ ಹೊರಡಿಸಿದರು: ಇದು ವರ್ಷಗಳ ಲೆಕ್ಕವಲ್ಲ, ದೊರೆ ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ. ಈಗ ಹೆಚ್ಚಿನವರು ಒಪ್ಪುವುದು ಇದನ್ನೇ. ಬುದ್ಧನ ನಿರ್ವಾಣದ ವರ್ಷದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಸಿಂಹಳದ ಪರಂಪರೆ ಕ್ರಿ.ಪೂ. 543 ಅನ್ನುತ್ತದೆ, ಬಹುಕಾಲ ಪಠ್ಯಪುಸ್ತಕಗಳಲ್ಲಿದ್ದದ್ದು 483, ಈಚಿನ ಹಲವು ಸಂಶೋಧಕರು 400ರ ಆಸುಪಾಸಿಗೆ ತರುತ್ತಾರೆ. ಕಲ್ಲಿನಲ್ಲಿ ಅಂಕಿ ಅಳಿಯದೆ ನಿಂತಿದ್ದರೂ ಅದು ಯಾವುದರ ಲೆಕ್ಕ ಎಂಬುದು ಗೊತ್ತಾಗದಿದ್ದರೆ ಇತಿಹಾಸ ಒಂದಿಂಚೂ ಮುಂದೆ ಹೋಗದು. ಪ್ರಾಚೀನ ಕಾಲಗಣನೆಯ ಜಗಳಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು.

ನಾನು ಚಪಡನಲ್ಲೇ ಮುಳುಗಿದ್ದಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. "ಅಲ್ಲೇನೈತೆ ಸಾಮಿ, ಬರೀ ಅಕ್ಷರ. ಆ ಕಡೆ ಬರ್ರಿ, ಮೋರೇರ ಮನೆ ತೋರಿಸ್ತೀನಿ" ಅಂದರು. ಜಾಲಿ ಕಂಟಿಗಳನ್ನು ದಾಟಿ ಅವರ ಹಿಂದೆ ನಡೆದೆ. ನೆಲದಿಂದ ಗೇಣುದ್ದ ಎದ್ದ ಕಣಶಿಲೆಯ ಚಪ್ಪಡಿ ಅಂಚುಗಳು, ಸುತ್ತ ಗುಂಡುಕಲ್ಲುಗಳ ಬಳೆ. ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ಹಾಗೆ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಕಲ್ಲುಕೋಣೆಗಳಿವು. ಪೂರ್ವದ ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ ಕೊರೆಯುವುದು ಇಲ್ಲಿಯ ಪದ್ಧತಿ. ಇವು ಮನೆಗಳಲ್ಲ, ಬೃಹತ್ ಶಿಲಾಯುಗದವರ ಸಮಾಧಿಗಳು. ಒಳಗೆ ಮೂಳೆ, ಕಪ್ಪು-ಕೆಂಪು ಮಡಕೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕಬ್ಬಿಣ. "ನಮ್ಮಜ್ಜನ ಕಾಲ್ದಾಗೆ ಇನ್ನೂ ಬಾಳ ಇದ್ವು, ಕಲ್ಲು ಕಿತ್ಕೊಂಡು ಹೋದ್ರು" ಎಂದರು ಆ ಹಿರಿಯರು.

ಅಲ್ಲೇ ಪ್ರಶ್ನೆ ಎದ್ದಿತು. ಒಂದು ಕಡೆ ಅಶೋಕನ ಬಂಡೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಕಬ್ಬಿಣದವರ ಸಮಾಧಿ. ಚಪಡ ಬಂದಾಗ ಈ ಸಮಾಧಿಗಳು ಹಳೆಯವಾಗಿದ್ದವೋ, ಇನ್ನೂ ಹುಟ್ಟಿಯೇ ಇರಲಿಲ್ಲವೋ?

ಇಟಲಿಯಿಂದ ಹಿಡಿದ ಎಳೆ

ಈ ಪ್ರಶ್ನೆಗೆ ಮೊದಲು ವರ್ಷಗಳಲ್ಲಿ ಉತ್ತರ ಕೊಟ್ಟವರು ಮಾರ್ಟಿಮರ್ ವೀಲರ್. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿಯ ಶಾಸನಗಳನ್ನು ಬೆಳಕಿಗೆ ತಂದಿದ್ದರು. 1940ರ ದಶಕದ ಆರಂಭದಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆದು, ಒಂದರ ಮೇಲೊಂದು ಸಂಸ್ಕೃತಿಗಳು ಪದರವಾಗಿ ಕೂತಿರುವುದನ್ನು ತೋರಿಸಿದ್ದರು. ವೀಲರ್ ಹೆಸರು ಬಂದಲ್ಲೆಲ್ಲ ಕೃಷ್ಣ ಅವರ ಹೆಸರೂ ಬರಬೇಕು, ಬರುತ್ತಿಲ್ಲ ಎಂಬುದು ನನ್ನ ಕೊರಗು. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆಸಿದರು. ಕೆಳಗೆ ಕಲ್ಲುಕೊಡಲಿಯವರ ಪದರ, ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾಯುಗದ ಪದರ, ಮೇಲೆ ಶಾತವಾಹನರ ಕಾಲದ್ದು. ವೀಲರ್ ಅದನ್ನು 'ಆಂಧ್ರ' ಎಂದು ಕರೆದರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಇದು ಮೊದಲ ಗಟ್ಟಿ ಏಣಿ.

ಏಣಿಗೆ ಮೆಟ್ಟಿಲುಗಳಿದ್ದವು, ವರ್ಷಗಳಿರಲಿಲ್ಲ. ವರ್ಷ ಹಾಕಲು ವೀಲರ್ ಹಿಡಿದ ದಾರಿ ಜಾಣತನದ್ದು. ಎರಡು ವರ್ಷ ಮೊದಲು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅವರಿಗೆ ಇಟಲಿಯ ಅರೆಜ್ಜೊದಲ್ಲಿ ಮಾಡಿದ ಕೆಂಪು ಮಡಕೆ ಚೂರುಗಳು ಸಿಕ್ಕಿದ್ದವು. ಅರೆಜ್ಜೊದ ಕುಂಬಾರಿಕೆಯ ಕಾಲ ರೋಮನ್ ಇತಿಹಾಸದಿಂದ ಚೆನ್ನಾಗಿ ತಿಳಿದದ್ದು. ಅದರ ಆಧಾರದಿಂದ ಅರಿಕಮೇಡುವಿನ ಇನ್ನೊಂದು ಬಗೆಯ ಮಡಕೆಗೆ, ಹಲ್ಲುಚಕ್ರ ಉರುಳಿಸಿ ಸಾಲುಚುಕ್ಕೆ ಮೂಡಿಸಿದ ರೂಲೆಟೆಡ್ ಮಡಕೆಗೆ, ಕ್ರಿ.ಶ. 1ನೇ ಶತಮಾನ ಎಂದು ಕಾಲ ಹಾಕಿದರು. ಅದೇ ರೂಲೆಟೆಡ್ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ತಿಬೇರಿಯಸ್ಸನ ಬೆಳ್ಳಿ ನಾಣ್ಯ ಸಿಕ್ಕಿ ಬೆಂಬಲ ಕೊಟ್ಟಿತು. ಮೇಲಿನ ಪದರಕ್ಕೆ ವರ್ಷ ನಿಂತ ಮೇಲೆ, ಮಣ್ಣು ಎಷ್ಟು ಕಾಲದಲ್ಲಿ ಎಷ್ಟು ಪೇರುತ್ತದೆಂದು ಅಂದಾಜಿಸಿ ಕೆಳಗಿಳಿದರು. ಬೃಹತ್ ಶಿಲಾಯುಗ ಕ್ರಿ.ಪೂ. 2ನೇ ಶತಮಾನದ ಆರಂಭದಿಂದ ಕ್ರಿ.ಶ. 1ನೇ ಶತಮಾನದ ನಡುವಿನವರೆಗೆ, ಕಲ್ಲುಕೊಡಲಿಯವರು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ ಅಲ್ಲಿಯತನಕ.

ಈ ಲೆಕ್ಕ ಏನು ಹೇಳುತ್ತದೆ ನೋಡಿ. ಅಶೋಕನ ಶಾಸನ ಕ್ರಿ.ಪೂ. 3ನೇ ಶತಮಾನದ ನಡುವಿನದ್ದು. ಈ ಕಾಲನಿರ್ಣಯಕ್ಕೆ ಗ್ರೀಕ್ ದೊರೆಗಳ ಆಸರೆಯಿದೆ: ಹದಿಮೂರನೆಯ ಹೆಬ್ಬಂಡೆ ಶಾಸನ ಹೆಸರಿಸುವ ಅಂತಿಯೋಕ, ತುರಮಾಯ ಮೊದಲಾದ ಐವರು ಒಟ್ಟಿಗೆ ಆಳುತ್ತಿದ್ದ ಅವಧಿ ಸಣ್ಣದು. ವೀಲರ್ ಸರಿಯಾದರೆ, ಸುವರ್ಣಗಿರಿಯ ರಾಜಕುಮಾರ ಇಸಿಲದ (ಇಲ್ಲಿಯ ಅಂದಿನ ಊರು) ಅಧಿಕಾರಿಗಳಾದ ಮಹಾಮಾತ್ರರಿಗೆ ಕ್ಷೇಮ ವಿಚಾರಿಸಿ ಈ ಸಂದೇಶ ಕಳಿಸಿದಾಗ, ಇಸಿಲದ ಸುತ್ತ ಇದ್ದವರು ಇನ್ನೂ ಕಲ್ಲುಕೊಡಲಿ ಹಿಡಿದ ಜನ! ಸಾಮ್ರಾಜ್ಯದ ಎರಡು ಲಿಪಿ ಬಲ್ಲ ಗುಮಾಸ್ತ ಒಂದು ಕಡೆ, ಕಬ್ಬಿಣವನ್ನೇ ಕಾಣದ ಊರು ಇನ್ನೊಂದು ಕಡೆ. ನನಗಿದು ಒಪ್ಪಲು ಕಷ್ಟವೇ ಆಯಿತು. ನಾಗರಿಕತೆ ಉತ್ತರದಿಂದಲೇ ಇಳಿದು ಬರಬೇಕೆಂಬ ಆ ಕಾಲದ ನಂಬಿಕೆಗೆ ಇದು ಚೆನ್ನಾಗಿ ಹೊಂದುತ್ತಿತ್ತು ಎಂಬುದನ್ನೂ ಮರೆಯಬಾರದು.

ಇದ್ದಿಲು ಹೇಳಿದ ಸಾಕ್ಷ್ಯ

ವೀಲರ್ ಅಗೆದ ಎರಡೇ ವರ್ಷಕ್ಕೆ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು ಇಂಗಾಲ-14ರ ವಿಧಾನ ಪ್ರಕಟಿಸಿದರು. ಜೀವ ಇರುವತನಕ ಗಿಡ, ಪ್ರಾಣಿ ಈ ಇಂಗಾಲವನ್ನು ತುಂಬಿಕೊಳ್ಳುತ್ತವೆ. ಸತ್ತ ಮೇಲೆ ಅದು ಸುಮಾರು 5730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದರೆ ಸತ್ತ ಕಾಲ ತಿಳಿಯುತ್ತದೆ. ಇಟಲಿಯ ಮಡಕೆಯ ಹಂಗಿಲ್ಲದೆ ದಖ್ಖನ್ನಿನ ಒಲೆಯ ಇದ್ದಿಲೇ ತನ್ನ ವಯಸ್ಸು ಹೇಳುವಂತಾಯಿತು.

1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬ ಅಗೆದರು. ಅದು ನವಶಿಲಾಯುಗದ ದನಗಾಹಿಗಳ ದೊಡ್ಡಿಯಲ್ಲಿ ಸಗಣಿ ರಾಶಿ ಸುಟ್ಟ ಬೂದಿ ಎಂದು ಸಾಧಿಸಿದರು. ಇದ್ದಿಲಿನ ವಯಸ್ಸು ಕ್ರಿ.ಪೂ. 2000ದ ಆಚೆಗೆ ಹೋಯಿತು. ಸುರಪುರ ಸೀಮೆಯ ಕೊಡೇಕಲ್ಲಿನದು ಇನ್ನೂ ಹಿಂದಕ್ಕೆ. ಸಂಗನಕಲ್ಲು ಮೊದಲಾದ ತಾಣಗಳ ಮಾದರಿಗಳನ್ನು ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೊವಾನ್ ಮತ್ತೆ ಅಳೆದು ಜೋಡಿಸಿದ ಮೇಲೆ ಚಿತ್ರ ಸ್ಪಷ್ಟವಾಗಿದೆ: ಇಲ್ಲಿಯ ನವಶಿಲಾಯುಗ ಸುಮಾರು ಕ್ರಿ.ಪೂ. 3000ಕ್ಕೆ ಶುರು, 1200ರ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಕಲ್ಲುಕೊಡಲಿಯ ಆರಂಭ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಸರಿಯಿತು.

ಕಬ್ಬಿಣದ ಸರದಿ ಹಳ್ಳೂರಿನಲ್ಲಿ ಬಂತು. ತುಂಗಭದ್ರೆಯ ದಂಡೆಯ, ಈಗ ಹಾವೇರಿ ಜಿಲ್ಲೆಗೆ ಸೇರಿದ ಈ ಊರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದರು. ನವಶಿಲಾಯುಗ ಮುಗಿದು ಬೃಹತ್ ಶಿಲಾಯುಗ ಹುಟ್ಟುವ ಸಂಧಿಪದರದಲ್ಲಿ ಕಬ್ಬಿಣ ಸಿಕ್ಕಿತು. ಅಲ್ಲಿಯ ಇದ್ದಿಲು ಕ್ರಿ.ಪೂ. 1000ದ ಸುತ್ತಮುತ್ತಲಿನ ವಯಸ್ಸು ಕೊಟ್ಟಿತು. ವೀಲರ್ ಹೇಳಿದ್ದಕ್ಕಿಂತ ಎಂಟುನೂರು ವರ್ಷ ಹಿಂದೆ! ಒಂದೆರಡು ಅಳತೆಗಳ ಮೇಲೆ ಇಷ್ಟು ದೊಡ್ಡ ಮಾತು ಹೇಳಬಹುದೇ, ಕೆಳಗಿನ ಪದರದ ಇದ್ದಿಲು ಮೇಲಕ್ಕೆ ಬಂದಿರಬಾರದೇಕೆ ಎಂಬ ಆಕ್ಷೇಪ ಎದ್ದದ್ದು ಸಹಜ. ಮುಂದೆ ಬೇರೆ ತಾಣಗಳ ಅಳತೆಗಳೂ ಅದೇ ಕಡೆ ಬೆರಳು ತೋರಿಸಿದವು.

ಕೊನೆಗೆ ವೀಲರ್ ನೆಚ್ಚಿದ ಗೂಟವೂ ಸಡಿಲವಾಯಿತು. ರೂಲೆಟೆಡ್ ಮಡಕೆ ಭಾರತದ್ದೇ, ಅದರ ಹುಟ್ಟು ರೋಮನ್ ವ್ಯಾಪಾರಕ್ಕಿಂತ ಹಿಂದಿನದು ಎಂದು 1980ರ ದಶಕದಲ್ಲಿ ವಿಮಲಾ ಬೇಗ್ಲಿ ವಾದಿಸಿದರು. ಅಲ್ಲಿಗೆ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಚಪಡ ಉಳಿ ಹಿಡಿಸಿದ ಕಾಲಕ್ಕೆ ಈ ಸೀಮೆಯವರಿಗೆ ಕಬ್ಬಿಣ ನೂರಾರು ವರ್ಷಗಳ ಹಳೆಯ ಗೆಳೆಯ.

ಹಾಗಾದರೆ ವೀಲರ್ ಸೋತರೇ? ಪದರಗಳ ಕ್ರಮದಲ್ಲಿ ಸೋಲಲಿಲ್ಲ. ಯಾವುದು ಮೊದಲು, ಯಾವುದು ಅನಂತರ ಎಂದು ಅವರು ಹೇಳಿದ್ದು ಇಂದಿಗೂ ನಿಂತಿದೆ. ಬಿದ್ದದ್ದು ವರ್ಷಗಳು. ಕ್ರಮವನ್ನು ಅವರು ಮಣ್ಣಿನಿಂದ ಪಡೆದರು, ವರ್ಷಗಳನ್ನು ಊಹೆಗಳ ಸರಪಣಿಯಿಂದ. ಈ ಎರಡನ್ನೂ ಒಂದೇ ತೂಕದ ಸತ್ಯವೆಂದು ಓದಿದ್ದು ನಮ್ಮ ಪಠ್ಯಪುಸ್ತಕಗಳು.

ಹೊಸ ಸುದ್ದಿ, ಹಳೆಯ ಪಾಠ

ಇಂಗಾಲವೂ ಕಣ್ಣುಮುಚ್ಚಿ ನಂಬುವ ಸಾಕ್ಷಿಯಲ್ಲ. ವಾತಾವರಣದಲ್ಲಿ ಅದರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಆದ್ದರಿಂದ ಮರದ ವರ್ಷಬಳೆಗಳ ಜತೆ ತಾಳೆ ನೋಡಿ ತಿದ್ದಬೇಕು. ಕ್ರಿ.ಪೂ. 800ರಿಂದ 400ರವರೆಗಿನ ಅವಧಿಯಲ್ಲಿ ಆ ತಿದ್ದುಪಡಿಯ ಗೆರೆ ಬಹುತೇಕ ಸಪಾಟು. ಆ ನಾಲ್ಕು ಶತಮಾನದ ಯಾವ ಇದ್ದಿಲನ್ನು ಅಳೆದರೂ ಉತ್ತರ ಹೆಚ್ಚುಕಡಿಮೆ ಒಂದೇ. ತಮಿಳುನಾಡಿನ ಕೀಳಡಿಗೆ ಕ್ರಿ.ಪೂ. 6ನೇ ಶತಮಾನ ಎಂದು ಘೋಷಿಸಿದಾಗ ನಡೆದ ವಾದಕ್ಕೆ ಈ ಸಪಾಟು ಗೆರೆಯನ್ನೂ ಸೇರಿಸಿ ಓದಬೇಕು. ಇನ್ನೊಂದು ತೊಡಕು ಮರದ್ದು. ನೂರಾರು ವರ್ಷ ಬಾಳಿದ ಮರದ ತಿರುಳನ್ನು ಸುಟ್ಟರೆ ಇದ್ದಿಲು ಹೇಳುವುದು ತಿರುಳಿನ ವಯಸ್ಸನ್ನು, ಬೆಂಕಿ ಹಚ್ಚಿದ ದಿನವನ್ನಲ್ಲ.

2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಶಿವಗಳೈ ತಾಣದ ಆಧಾರದಿಂದ ತನ್ನ ನೆಲದ ಕಬ್ಬಿಣಕ್ಕೆ 5300 ವರ್ಷ ಎಂದು ಪ್ರಕಟಿಸಿತು. ಮಾದರಿಗಳನ್ನು ಒಂದಕ್ಕಿಂತ ಹೆಚ್ಚು ಪ್ರಯೋಗಾಲಯಗಳಲ್ಲಿ ಅಳೆಸಿದ್ದು ಮೆಚ್ಚಬೇಕಾದ ಕ್ರಮ. ಆದರೆ ಅಳೆದದ್ದು ಇದ್ದಿಲು ಮತ್ತು ಮಡಕೆ ಚೂರು. ಅವು ಕಬ್ಬಿಣದ ಜತೆಯಲ್ಲೇ, ಅದೇ ಹೊತ್ತಿನಲ್ಲಿ ಹುಗಿದವು ಎಂಬುದು ಗಟ್ಟಿಯಾಗಬೇಕು. ಅದೇ ಬಗೆಯ ವಯಸ್ಸು ಬೇರೆ ಬೇರೆ ತಾಣಗಳಿಂದ ಮತ್ತೆ ಮತ್ತೆ ಬರಬೇಕು. ಹಳ್ಳೂರಿಗೆ ಕೇಳಿದ ಪ್ರಶ್ನೆಗಳನ್ನೇ ಶಿವಗಳೈಗೂ ಕೇಳೋಣ. ಅದು ಆ ರಾಜ್ಯಕ್ಕೆ ಮಾಡುವ ಅವಮಾನವಲ್ಲ. ಉತ್ತರ ಸರಿಯಾಗಿ ಬಂದರೆ ಹಳ್ಳೂರಿನಂತೆ ಅದೂ ಇತಿಹಾಸ ತಿದ್ದುತ್ತದೆ.

ಕನ್ನಡಿಗರು ಈಗ ಮಾಡಬೇಕಾದ ಕೆಲಸ 'ಯಾರದ್ದು ಹೆಚ್ಚು ಹಳೆಯದು' ಎಂಬ ಪೈಪೋಟಿಗೆ ಇಳಿಯುವುದಲ್ಲ, ಸಾಕ್ಷ್ಯ ಉಳಿಸಿಕೊಳ್ಳುವುದು. ನಮ್ಮಲ್ಲಿ ಬೂದಿದಿಬ್ಬಗಳಿವೆ, ಕಲ್ಲುಸಮಾಧಿಗಳಿವೆ. ರಸ್ತೆ, ಕಲ್ಲುಗಣಿ, ಟ್ರ್ಯಾಕ್ಟರುಗಳ ಬಾಯಿಗೆ ಬಿದ್ದವೂ ಹಲವು ಇವೆ. ಕದಲಿದ ಪದರಕ್ಕೆ ಯಾವ ಪ್ರಯೋಗಾಲಯವೂ ಮತ್ತೆ ವರ್ಷ ಹಾಕಲಾರದು. ನಿಮ್ಮ ಹೊಲದ ಬದುವಿನಲ್ಲಿ ನೆಟ್ಟ ಚಪ್ಪಡಿ ಕಂಡರೆ, ಗುದ್ದಲಿಗೆ ಬೂದಿ ಸಿಕ್ಕರೆ, ಕೆಲಸ ನಿಲ್ಲಿಸಿ ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟರಿಗೋ ತಿಳಿಸಿ. ಪತ್ರಿಕೆಯಲ್ಲಿ 'ಇಷ್ಟು ಸಾವಿರ ವರ್ಷ ಹಳೆಯದು' ಎಂಬ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ: ಅಳೆದದ್ದು ಯಾವ ವಸ್ತುವನ್ನು, ಅದು ಯಾವ ಪದರದ್ದು, ಇನ್ನೆಷ್ಟು ತಾಣಗಳು ಅದನ್ನೇ ಹೇಳುತ್ತಿವೆ.