ಬೆರಳಿಗೆ ಬಿಡುವು ಕೊಟ್ಟ ಬಿಲ್ಲೆ

ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ಹಿಂಡಿ, ಪಟ್ಟಿಗೆ ತಾಗಿಸಿ ನೋಡುವುದು! ಟೈಪ್–1 ಮಧುಮೇಹ ಇರುವ ಮಗುವಿನ ಮನೆಯಲ್ಲಿ ದಿನಕ್ಕೆ ನಾಲ್ಕಾರು ಸಲ ನಡೆಯುವ ಕೆಲಸವಿದು. ಊಟಕ್ಕೆ ಮುನ್ನ, ಆಟಕ್ಕೆ ಮುನ್ನ, ಮಲಗುವ ಮುನ್ನ. ಕೆಲವೊಮ್ಮೆ ನಡುರಾತ್ರಿಯಲ್ಲೂ ಅಮ್ಮ ಎದ್ದು ಮಲಗಿದ ಮಗುವಿನ ಬೆರಳು ಹುಡುಕಬೇಕು. ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ತೀರಾ ಕುಸಿದರೆ ಮಗು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು ಎಂಬ ಭಯ.

ಈ ಚುಚ್ಚಾಟವನ್ನು ಬಹುಮಟ್ಟಿಗೆ ತಗ್ಗಿಸಿರುವುದು ತೋಳಿಗೆ ಅಂಟಿಸುವ ನಾಣ್ಯದಂತಹ ಬಿಲ್ಲೆ. ವೈದ್ಯರು ಇದನ್ನು ಸಿಜಿಎಂ ಎನ್ನುತ್ತಾರೆ. ಅದರ ಅಡಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಎಳೆಯೊಂದು ಚರ್ಮದೊಳಗೆ ಕೆಲವೇ ಮಿಲಿಮೀಟರ್ ಇಳಿದಿರುತ್ತದೆ. ಒಮ್ಮೆ ಅಂಟಿಸಿದರೆ ಹೆಚ್ಚಿನವು 10ರಿಂದ 15 ದಿನ ಬಾಳುತ್ತವೆ. ಕೆಲವೇ ನಿಮಿಷಗಳಿಗೊಮ್ಮೆ ಸಕ್ಕರೆಯ ಅಂಕಿ ಮೊಬೈಲಿಗೆ ಬರುತ್ತದೆ; ತೀರಾ ಇಳಿದರೆ ಅಲಾರಂ ಕೂಗುತ್ತದೆ.

ಎಳೆಯ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಲೇಪವಿದೆ. ಗ್ಲೂಕೋಸ್ ಅದರೊಡನೆ ವರ್ತಿಸಿದಾಗ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಗ್ಲೂಕೋಸ್ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಈ ಉಪಾಯದ ಮೂಲ ಹಳೆಯದು: ಅಮೆರಿಕದ ಲೇಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಅದನ್ನು 1962ರಲ್ಲೇ ಪ್ರಕಟಿಸಿದ್ದರು.

ಆದರೆ ಒಂದು ಗುಟ್ಟಿದೆ. ಈ ಎಳೆ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಕೆರೆಯ ತೂಬು ತೆರೆದ ಕೂಡಲೇ ಕೊನೆಯ ಗದ್ದೆಗೆ ನೀರು ಬಂದೀತೇ? ಹಾಗೆಯೇ ರಕ್ತದ ಸಕ್ಕರೆ ಏರಿದ್ದು, ಇಳಿದದ್ದು ಈ ದ್ರವದಲ್ಲಿ ಕಾಣಲು ಸುಮಾರು 5ರಿಂದ 10 ನಿಮಿಷ ಬೇಕು. ಓಡಿ ಆಡುತ್ತಿರುವ ಮಗುವಿನ ಬಿಲ್ಲೆ 80 ಎಂದು ತೋರಿಸುವಾಗ ರಕ್ತದಲ್ಲಿ ಅದು ಆಗಲೇ 70ಕ್ಕಿಂತ ಕೆಳಗಿಳಿದಿರಬಹುದು. ಅದಕ್ಕೇ ಅಂಕಿಯ ಜೊತೆ ಬಾಣದ ಗುರುತನ್ನೂ ನೋಡಬೇಕು. ಬಿಲ್ಲೆಯ ಮೇಲೆ ಒತ್ತಿ ಮಲಗಿದರೂ ಸಕ್ಕರೆ ಕುಸಿದಂತೆ ತೋರುವುದುಂಟು.

ಮಗು ಬೆವರುತ್ತಿದ್ದರೆ, ನಡುಗುತ್ತಿದ್ದರೆ, ಅಂಕಿ ಮಾತ್ರ ಸರಿಯಾಗಿದ್ದರೆ? ಆಗ ಬೆರಳಿನ ರಕ್ತವನ್ನೇ ನೋಡಬೇಕು. ಅದು 70ಕ್ಕಿಂತ ಕಡಿಮೆಯಿದ್ದು ಮಗು ಎಚ್ಚರವಿದ್ದರೆ, ವೈದ್ಯರು ಹೇಳಿಕೊಟ್ಟ ಪ್ರಮಾಣದಲ್ಲಿ ಸಕ್ಕರೆ ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು.

ಚುಚ್ಚದೆಯೇ ಸಕ್ಕರೆ ಹೇಳುತ್ತೇವೆ ಎನ್ನುವ ಕೈಗಡಿಯಾರ, ಉಂಗುರಗಳ ಜಾಹೀರಾತಿಗೆ ಮಾರುಹೋಗಬೇಡಿ. ಅಂಥ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ತಪ್ಪು ಅಂಕಿ ನಂಬಿ ಇನ್ಸುಲಿನ್ ಚುಚ್ಚಿದರೆ ಪ್ರಾಣಕ್ಕೇ ಸಂಚಕಾರ.

ಬಿಲ್ಲೆ ಇನ್ನೂ ದುಬಾರಿ. ಎಲ್ಲ ಮನೆಗೂ ಎಟುಕದು. ಆದರೆ ಗೆಳೆಯರ ಕಾಳಜಿಗೆ ಕಾಸು ಬೇಡ. ಮಕ್ಕಳೇ, ನಿಮ್ಮ ತರಗತಿಯಲ್ಲಿ ಯಾರ ತೋಳಲ್ಲಾದರೂ ಇಂಥ ಬಿಲ್ಲೆ ಕಂಡರೆ ಎಳೆಯಬೇಡಿ, ಅಣಕಿಸಬೇಡಿ. ಆ ಗೆಳೆಯ ಇದ್ದಕ್ಕಿದ್ದಂತೆ ಮಂಕಾಗಿ ಕುಳಿತರೆ ಓಡಿಹೋಗಿ ಟೀಚರಿಗೆ ಹೇಳಿ. ಅಲಾರಂ ಕೂಗುವ ಮೊದಲೇ ನೀವು ಕೂಗಿರುತ್ತೀರಿ!