ಶುಶ್ರೂಷಾ ಶಿಕ್ಷಣದಲ್ಲಿ ಉತ್ತರಯಂತ್ರ

“ಅರ್ಥವಾಯಿತೆ?” ಎಂದು ಅಧ್ಯಾಪಕರು ಕೇಳಿದಾಗ ತರಗತಿಯಲ್ಲಿ ನೆಲೆಸುವ ಮೌನವನ್ನು ಒಪ್ಪಿಗೆಯೆಂದೆಣಿಸುವುದು ನಮ್ಮ ಕಾಲೇಜುಗಳ ಹಳೆಯ ವಾಡಿಕೆ. ಇತಿಹಾಸದ ತರಗತಿಯಲ್ಲಿ ಇದರಿಂದಾಗುವ ಹಾನಿ ಅಲ್ಪ. ಶುಶ್ರೂಷೆಯನ್ನು ಕಲಿಸುವಲ್ಲಿಯಾದರೋ ಅದರ ಫಲವನ್ನು ಮುಂದೊಂದು ದಿನ ರೋಗಿ ಉಣ್ಣಬೇಕಾಗುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಹಳ್ಳಿಗಳಲ್ಲಿ ಕನ್ನಡದಲ್ಲಿ ಓದಿ, ಹಾಸನದಲ್ಲಿ ಇಂಗ್ಲಿಷಿನ ಪಾಠ ಕೇಳುವ ವಿದ್ಯಾರ್ಥಿನಿ ತನಗೆ ತಿಳಿಯಲಿಲ್ಲವೆಂದು ಎದ್ದು ಹೇಳಲು ಹಿಂಜರಿಯುವುದು ಸಹಜವೇ. ಈ ಸಂಕೋಚವನ್ನು ದಾಟಲು ನೆರವಾಗುವ ಸಾಧನವೊಂದರ ಸ್ವರೂಪವನ್ನು ಇಲ್ಲಿ ವಿವರಿಸಬಯಸುತ್ತೇವೆ.

ಕ್ಲಿಕ್ಕರ್ ಎಂದು ರೂಢಿಯಲ್ಲಿರುವ ಈ ಉತ್ತರಯಂತ್ರದ ಏರ್ಪಾಡು ಸರಳವಾದುದು. ಪ್ರತಿಯೊಬ್ಬರ ಕೈಯಲ್ಲೂ ಗುಂಡಿಗಳುಳ್ಳ ಪುಟ್ಟ ಪೆಟ್ಟಿಗೆ. ಅಧ್ಯಾಪಕರ ಬಳಿ ಅದರ ಸಂಕೇತಗಳನ್ನು ಹಿಡಿಯುವ ಗ್ರಾಹಕ. ಪ್ರಶ್ನೆಗೆ ಎಲ್ಲರೂ ತಮ್ಮ ತಮ್ಮ ಗುಂಡಿಯನ್ನೊತ್ತಿ ಉತ್ತರಿಸಿದೊಡನೆ, ಯಾವ ಉತ್ತರಕ್ಕೆ ಎಷ್ಟು ಮಂದಿ ಎಂಬುದು ತೆರೆಯ ಮೇಲೆ ಕಂಬಗಳಾಗಿ ಮೂಡುತ್ತದೆ. ಇಂದು ಮೊಬೈಲ್ ಫೋನಿನಿಂದಲೂ ಈ ಕೆಲಸ ನಡೆಯುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. 1000 ಮಿಲಿಲೀಟರ್ ಸಲೈನನ್ನು 8 ಗಂಟೆಗಳಲ್ಲಿ ಕೊಡಬೇಕು. ಕೊಳವೆಯಲ್ಲಿ ಮಿಲಿಲೀಟರಿಗೆ 20 ಹನಿ. ನಿಮಿಷಕ್ಕೆಷ್ಟು ಹನಿ? ಸರಿಯುತ್ತರ ಸುಮಾರು 42. 125 ಎಂದವರು ಗಂಟೆಯ ಮಿಲಿಲೀಟರುಗಳನ್ನೇ ಹನಿಗಳೆಂದು ಬಗೆದಿದ್ದಾರೆ. 2 ಎಂದವರು ಹನಿಯ ಲೆಕ್ಕವನ್ನೇ ಮರೆತಿದ್ದಾರೆ. ತಪ್ಪು ಉತ್ತರವೂ ವಿಚಾರ ಎಲ್ಲಿ ಎಡವಿತೆಂಬುದನ್ನು ತೋರಿಸುತ್ತದೆ. ಆದುದರಿಂದ ಪ್ರಶ್ನೆಯಷ್ಟೇ ಎಚ್ಚರದಿಂದ ತಪ್ಪು ಉತ್ತರಗಳನ್ನೂ ರಚಿಸಬೇಕು.

ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ರೂಢಿಸಿದ ಕ್ರಮವು ಇಲ್ಲಿ ಉಪಯುಕ್ತ. ಸರಿಯುತ್ತರ ಕೊಟ್ಟವರು ಸುಮಾರು ಶೇಕಡ 30ರಿಂದ 70ರೊಳಗಿದ್ದರೆ, ಅಧ್ಯಾಪಕರು ಉತ್ತರವನ್ನು ಹೇಳದೆ, ಪಕ್ಕದವರೊಡನೆ ಚರ್ಚಿಸಲು ಬಿಟ್ಟು ಮತ್ತೆ ಕೇಳುತ್ತಾರೆ. ಆ ಚರ್ಚೆ ಕನ್ನಡದಲ್ಲಿಯೇ ನಡೆಯಬಹುದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ದೊಡ್ಡ ಅನುಕೂಲ.

ಸಂಶೋಧನೆಗೆ ಈ ಉತ್ತರಗಳನ್ನು ಬಳಸುವವರು ಒಂದು ಮಾತನ್ನು ಮರೆಯಬಾರದು. 1951-52ರ ಪ್ರಥಮ ಸಾರ್ವತ್ರಿಕ ಚುನಾವಣೆಯಿಂದ ನಮ್ಮ ಜನರು ಗುಪ್ತಮತದ ಬೆಲೆಯನ್ನು ಬಲ್ಲರು. ಉತ್ತರಯಂತ್ರದ ಗುಟ್ಟಾದರೋ ಅರೆಗುಟ್ಟು: ಸಹಪಾಠಿಗಳಿಗೆ ಕಾಣದ ಹೆಸರು ಪೆಟ್ಟಿಗೆಯ ಸಂಖ್ಯೆಯಿಂದ ಅಧ್ಯಾಪಕರಿಗೆ ತಿಳಿಯಬಹುದು. ಅಂಕ ಕೊಡುವ ಕೈಯೇ ಮಾಹಿತಿಯನ್ನೂ ಸಂಗ್ರಹಿಸುವಾಗ ವಿದ್ಯಾರ್ಥಿಯ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಪಡೆಯುವುದೂ ನಿರಾಕರಣೆಯಿಂದ ಆಕೆಗೆ ತೊಂದರೆಯಾಗದಂತೆ ನೋಡುವುದೂ ಕರ್ತವ್ಯ.

ಯಂತ್ರವಿಲ್ಲದ ಕಾಲೇಜು ನಿರಾಶವಾಗಬೇಕಿಲ್ಲ. ನಾಲ್ಕು ಬಣ್ಣದ ರಟ್ಟಿನ ಚೀಟಿಗಳನ್ನು ಕೊಟ್ಟು, ಉತ್ತರದ ಬಣ್ಣವನ್ನು ಎಲ್ಲರೂ ಒಮ್ಮೆಗೇ ಎದೆಯ ಮುಂದೆ ಹಿಡಿಯುವಂತೆ ಹೇಳಿದರೆ ಪ್ರಯೋಜನದ ಬಹುಭಾಗ ದೊರೆಯುತ್ತದೆ. ಯಂತ್ರ ಎಣಿಸಬಲ್ಲದು, ಎಣಿಕೆಯನ್ನು ಕಂಡು ಪಾಠವನ್ನು ತಿದ್ದಿಕೊಳ್ಳಬೇಕಾದವರು ಅಧ್ಯಾಪಕರೇ.